ತಡೆದ ಸುದ್ದಿ

ಸಾರ್ವಜನಿಕ ಸಂಪರ್ಕದ ಕೆಲಸದಲ್ಲಿ ಎರಡು ಬಗೆಯ ಗೆಲುವುಗಳಿವೆ. ಬರಲಿ ಎಂದು ನಾವು ಬಯಸಿದ ಸುದ್ದಿ ಪತ್ರಿಕೆಯಲ್ಲಿ ಬರುವುದು ಒಂದು. ಬರಲಿದ್ದ ಸುದ್ದಿ ಬಾರದೇ ಹೋಗುವುದು ಇನ್ನೊಂದು. ಮೊದಲನೆಯದನ್ನು ಕತ್ತರಿಸಿ ಫೈಲಿಗೆ ಅಂಟಿಸುತ್ತೇವೆ, ಕಾಲಂ ಸೆಂಟಿಮೀಟರಿನಲ್ಲಿ ಅಳೆಯುತ್ತೇವೆ, ಅಷ್ಟೇ ಜಾಗಕ್ಕೆ ಜಾಹೀರಾತು ಕೊಟ್ಟಿದ್ದರೆ ಎಷ್ಟು ಖರ್ಚಾಗುತ್ತಿತ್ತು ಎಂದು ಲೆಕ್ಕ ಕಟ್ಟಿ ತಿಂಗಳ ಕೊನೆಗೆ ಕ್ಲೈಂಟ್‌ಗೆ ಕಳಿಸುತ್ತೇವೆ. 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಈ ವೃತ್ತಿಯವರ ಅಂತರರಾಷ್ಟ್ರೀಯ ಸಮಾವೇಶ, ಜಾಹೀರಾತು ದರದ ಅಳತೆಯಿಂದ ನಮ್ಮ ಕೆಲಸದ ಬೆಲೆ ತಿಳಿಯುವುದಿಲ್ಲ ಎಂದು ಸ್ಪಷ್ಟವಾಗಿಯೇ ಹೇಳಿತು. ಆಮೇಲೂ ಆ ಲೆಕ್ಕ ಕೇಳುವ ಕ್ಲೈಂಟ್‌ಗಳಿದ್ದಾರೆ. ಎರಡನೆಯ ಬಗೆಯ ಗೆಲುವಿಗೆ ಫೈಲಿಲ್ಲ. ಅದನ್ನು ಫೋನಿನಲ್ಲಿ ತಿಳಿಸುತ್ತೇವೆ, ಶಹಬ್ಬಾಸ್‌ಗಿರಿಯೂ ಫೋನಿನಲ್ಲೇ ಬರುತ್ತದೆ. ನನ್ನ ವೃತ್ತಿಯ ಅತಿ ದೊಡ್ಡ ಸೋಲು ಮೊದಲು ನನ್ನ ಬಳಿಗೆ ಬಂದದ್ದು ಇಂಥ ಶಹಬ್ಬಾಸ್‌ಗಿರಿಯ ರೂಪದಲ್ಲೇ.

ನಾನು ಮೂಲತಃ ಪತ್ರಿಕೆಯವನು. ಬೆಂಗಳೂರಿನ ಕನ್ನಡ ದೈನಿಕವೊಂದರ ಡೆಸ್ಕಿನಲ್ಲಿ ಉಪಸಂಪಾದಕನಾಗಿದ್ದೆ. ತಾಲೂಕುಗಳಿಂದ ಫ್ಯಾಕ್ಸಿನಲ್ಲಿ, ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟುಕಳಿಸಿದ ಕವರಿನಲ್ಲಿ ಬರುತ್ತಿದ್ದ ಸುದ್ದಿಗಳನ್ನು ತಿದ್ದಿ, ತಲೆಬರಹ ಕೊಟ್ಟು, ಪುಟಕ್ಕೆ ಹಾಕುವುದು ನನ್ನ ಕೆಲಸ. ಸಾಫ್ಟ್‌ವೇರ್ ಕಂಪನಿಗಳು ಬೆಳೆಯುತ್ತಿದ್ದ ಆ ಕಾಲದಲ್ಲಿ ಮುಂಬೈ, ದೆಹಲಿಯ ಪಿ.ಆರ್. ಏಜೆನ್ಸಿಗಳು ಇಲ್ಲಿ ಶಾಖೆ ತೆರೆದವು. ಕನ್ನಡ ಪತ್ರಿಕೆಗಳ ಒಳಗು ಗೊತ್ತಿರುವವರು ಅವರಿಗೆ ಬೇಕಿತ್ತು. ಸಂಬಳ ಚೆನ್ನಾಗಿತ್ತು, ಹೋದೆ. ಇಂಗ್ಲಿಷ್ ಪ್ರೆಸ್‌ನೋಟನ್ನು ಕನ್ನಡ ಮಾಡುವುದು, ಕಬ್ಬನ್ ಪಾರ್ಕಿನ ಪ್ರೆಸ್‌ಕ್ಲಬ್ಬಿನಲ್ಲಿ ಪತ್ರಿಕಾಗೋಷ್ಠಿ ಏರ್ಪಡಿಸುವುದು, ಯಾವ ಪತ್ರಿಕೆಯ ಯಾವ ಆವೃತ್ತಿ ರಾತ್ರಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ನೆನಪಿಟ್ಟುಕೊಂಡಿರುವುದು ಇವೆಲ್ಲ ನನ್ನ ಪಾಲಿಗೆ ಬಂದವು. ಏನು ಹೇಳಬೇಕೆಂಬ ತೀರ್ಮಾನ ಬೆಳಗಿನ ಇಂಗ್ಲಿಷ್ ಮೀಟಿಂಗಿನಲ್ಲಿ ಆಗುತ್ತಿತ್ತು. ಕನ್ನಡ ಸಂಜೆ ಬರುತ್ತಿತ್ತು, ಅನುವಾದಕ್ಕೆ. ವರ್ಷಗಳು ಕಳೆದಂತೆ ನಾನೇ ಸ್ವತಂತ್ರವಾಗಿ ಸಲಹೆಗಾರನಾದೆ. ಆದರೆ ಆ ಕ್ರಮ ನನ್ನಲ್ಲಿ ಉಳಿದುಕೊಂಡಿತು: ಹೇಳಿಕೆ ಮೊದಲು, ಊರು ಆಮೇಲೆ.

ಆಗಿನ ನನ್ನ ಕ್ಲೈಂಟ್‌ಗಳಲ್ಲಿ ಬಯಲುಸೀಮೆಯ ಒಂದು ತಾಲೂಕಿನಲ್ಲಿದ್ದ ಮಾವಿನ ತಿರುಳಿನ ಕಾರ್ಖಾನೆಯೂ ಒಂದು. ಅದರ ಹೆಸರು ಇಲ್ಲಿ ಬೇಡ. ತೋತಾಪುರಿ ಹಣ್ಣು ಬರುವ ಬೇಸಿಗೆಯ ಕೊನೆಯಿಂದ ಮುಂಗಾರಿನ ಮೊದಲ ತಿಂಗಳವರೆಗೆ ಅಲ್ಲಿ ಹಗಲು ರಾತ್ರಿ ಕೆಲಸ. ಉಳಿದ ದಿನಗಳಲ್ಲಿ ಯಂತ್ರಗಳು ಬಹುಮಟ್ಟಿಗೆ ನಿಂತಿರುತ್ತಿದ್ದವು. ಹಣ್ಣು ತೊಳೆದ ನೀರು, ಯಂತ್ರ ತೊಳೆದ ನೀರು, ಸಿಪ್ಪೆ ಓಟೆಗೆ ಅಂಟಿಕೊಂಡ ರಸ ಎಲ್ಲ ಸೇರಿ ಹೊರಗೆ ಬರುವ ನೀರಿನಲ್ಲಿ ಮುಖ್ಯವಾಗಿ ಇರುವುದು ಸಕ್ಕರೆ. ಕೆರೆಗೆ ಆ ಸಕ್ಕರೆಯೇ ಕೇಡು. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ರಾತ್ರಿ ಪಾಚಿಯೂ ಆಮ್ಲಜನಕ ಕೊಡುವುದಿಲ್ಲವಾದ್ದರಿಂದ ಬೆಳಗಿನ ಜಾವಕ್ಕೆ ಮೀನುಗಳು ಉಸಿರು ಸಾಲದೆ ಮೇಲೆ ಬಂದು ಬಾಯಿ ಬಿಡುತ್ತವೆ, ಸಾಯುತ್ತವೆ. ಹಾಗಾಗಿಯೇ ಕೆರೆ ಹೊಳೆಗೆ ಬಿಡುವ ತ್ಯಾಜ್ಯನೀರಿನ ಬಿ.ಒ.ಡಿ., ಅಂದರೆ ಅದು ಹೀರಿಕೊಳ್ಳಬಹುದಾದ ಆಮ್ಲಜನಕದ ಪ್ರಮಾಣ, ಲೀಟರಿಗೆ 30 ಮಿಲಿಗ್ರಾಂ ಮೀರಬಾರದೆಂದು ಪರಿಸರ ಸಂರಕ್ಷಣೆಯ ನಿಯಮವಿದೆ. ಇದೆಲ್ಲ ನಾನು ಕಲಿತದ್ದು ಆಮೇಲೆ. ಆ ಕಾರ್ಖಾನೆಯ ಪರವಾಗಿ ಪತ್ರಿಕೆಗಳ ಜೊತೆ ಮಾತಾಡಲು ತಿಂಗಳು ತಿಂಗಳೂ ಹಣ ಎಣಿಸುತ್ತಿದ್ದಾಗ ನನಗೆ ಇದು ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳಬೇಕು ಅನಿಸಿರಲೂ ಇಲ್ಲ.

ಜೂನ್ ತಿಂಗಳ ಒಂದು ಸಂಜೆ ಆ ತಾಲೂಕಿನ ವರದಿಗಾರರು ಫೋನ್ ಮಾಡಿದರು. ನಾನು ಹಿಂದೆ ಕೆಲಸ ಮಾಡಿದ ಪತ್ರಿಕೆಯವರೇ. ತಾಲೂಕು ವರದಿಗಾರನ ಬದುಕು ಹೇಗಿರುತ್ತದೆ ಎಂಬುದು ಓದುಗರಿಗೆ ಅಷ್ಟಾಗಿ ತಿಳಿದಿರುವುದಿಲ್ಲ. ತಿಂಗಳಿಗೊಂದು ಸಣ್ಣ ಗೌರವಧನ, ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಊರಿನ ಮುಖಂಡರಿಂದ ತಂದ ಜಾಹೀರಾತಿನ ಮೇಲೆ ಕಮಿಷನ್, ಹಲವರಿಗೆ ಬೆಳಗಿನ ಪತ್ರಿಕೆ ಹಂಚುವ ಏಜೆನ್ಸಿ. ಹೆಸರಿನ ಜೊತೆ ಸುದ್ದಿ ಅಚ್ಚಾಗುವುದು ಅಪರೂಪ. ಅವನಿಗೆ ಇರುವ ನಿಜವಾದ ಆಸ್ತಿ ಎಂದರೆ ಡೆಸ್ಕಿನವರು ಅವನ ಮಾತಿನ ಮೇಲೆ ಇಟ್ಟ ನಂಬಿಕೆ. ಡೆಸ್ಕಿನಲ್ಲಿ ಕೂತು ಬಂದ ನನಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

“ಸಾರ್, ಕೆರೇಲಿ ಮೀನೆಲ್ಲ ತೇಲ್ತಾ ಇದಾವೆ. ಕಾಟ್ಲಾ, ರೋಹು, ಎಲ್ಲ. ನೀರು ಹುಳಿ ವಾಸನೆ ಹೊಡೀತಿದೆ. ಕಾರ್ಖಾನೆ ಕಡೆ ಕಾಲುವೆಯಿಂದ ಬಂದಿದೆ ಅಂತಾರೆ ಜನ. ನಿಮ್ಮೋರು ಏನಂತಾರೆ, ಒಂದು ಮಾತು ಕೇಳಿ ಹೇಳಿ ಸಾರ್.”

ಅವರು ಬರೆದು ಕಳಿಸಿ ಸುಮ್ಮನಾಗಬಹುದಿತ್ತು. ಎರಡೂ ಕಡೆಯ ಮಾತು ಇರಲಿ ಎಂದು ನನ್ನನ್ನು ಕೇಳಿದರು. ಪತ್ರಿಕಾಧರ್ಮ ಎಂದು ನಾವು ಭಾಷಣದಲ್ಲಿ ಹೇಳುವುದನ್ನು ಅವರು ಮಾಡಿದರು.

ನಾನು ಕಾರ್ಖಾನೆಯ ವ್ಯವಸ್ಥಾಪಕರಿಗೆ ಫೋನ್ ಮಾಡಿದೆ. ನಮ್ಮ ನೀರು ಹೋಗಿಲ್ಲ, ಮೊದಲ ಮಳೆಗೆ ಹೊಲದ ಗೊಬ್ಬರ, ಕ್ರಿಮಿನಾಶಕ ಕೊಚ್ಚಿಕೊಂಡು ಬಂದಿದೆ, ನಮ್ಮ ಶುದ್ಧೀಕರಣ ಘಟಕ ಸರಿಯಾಗಿದೆ ಎಂದರು. ಪ್ರಯೋಗಾಲಯದ ವರದಿಯನ್ನೂ ಕಳಿಸಿದರು. ಬಿ.ಒ.ಡಿ. ಮಿತಿಯೊಳಗಿತ್ತು. ಮಾದರಿ ತೆಗೆದ ದಿನಾಂಕ ಜನವರಿಯದು.

ಆ ದಿನಾಂಕ ನನ್ನ ಕಣ್ಣಿಗೆ ಬಿತ್ತು. ಬಿದ್ದಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಜನವರಿಯಲ್ಲಿ ಮಾವಿನಹಣ್ಣು ಎಲ್ಲಿರುತ್ತದೆ ಎಂಬ ಪ್ರಶ್ನೆ ಮನಸ್ಸಿನಲ್ಲಿ ಎದ್ದದ್ದೂ ನಿಜ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ನಾನು ಬರೆಯಬೇಕಾದ ಹೇಳಿಕೆ ಬರೆಯಲು ಆಗುವುದಿಲ್ಲ. ಅದಕ್ಕೇ ಕೇಳಲಿಲ್ಲ. ಕಂಪನಿ ಎಲ್ಲ ನಿಯಮಗಳನ್ನೂ ಚಾಚೂತಪ್ಪದೆ ಪಾಲಿಸುತ್ತಿದೆ, ತ್ಯಾಜ್ಯನೀರು ನಿಗದಿತ ಮಿತಿಯೊಳಗಿದೆ ಎಂದು ಮೊದಲು ಇಂಗ್ಲಿಷಿನಲ್ಲಿ ಬರೆದೆ, ಆಮೇಲೆ ಕನ್ನಡ ಮಾಡಿದೆ, ಜನವರಿಯ ವರದಿಯನ್ನು ಲಗತ್ತಿಸಿ ಕಳಿಸಿದೆ.

ಅಷ್ಟಕ್ಕೇ ನಿಂತಿದ್ದರೆ ಅದು ಕೆಟ್ಟ ಹೇಳಿಕೆಯೊಂದರ ಕಥೆ ಆಗುತ್ತಿತ್ತು. ನಾನು ನಿಲ್ಲಲಿಲ್ಲ. ಬೆಂಗಳೂರಿನ ಡೆಸ್ಕಿನಲ್ಲಿ ನನ್ನ ಹಳೆಯ ಗೆಳೆಯ ಆಗ ಹಿರಿಯ ಹುದ್ದೆಯಲ್ಲಿದ್ದ. ಒಟ್ಟಿಗೆ ರಾತ್ರಿ ಪಾಳಿ ಮಾಡಿದವರು ನಾವು. ಅವನಿಗೆ ಫೋನ್ ಹಚ್ಚಿದೆ. “ಒಂದು ತಾಲೂಕು ಸುದ್ದಿ ಬರುತ್ತೆ, ಸ್ವಲ್ಪ ನೋಡು. ಹುಡುಗ ಪೂರ್ತಿ ವಿಚಾರಿಸದೆ ಬರೆದ ಹಾಗಿದೆ. ಲ್ಯಾಬ್ ರಿಪೋರ್ಟ್ ನನ್ನ ಹತ್ರ ಇದೆ” ಎಂದೆ. “ನೋಡೋಣ ಬಿಡಪ್ಪ” ಎಂದ. ಬೆಳಗ್ಗೆ ಒಳಪುಟದ ಮೂಲೆಯಲ್ಲಿ ಮೀನುಗಳ ಸಾವಿನ ನಾಲ್ಕು ಸಾಲು ಬಂದಿತ್ತು. ಕಾರ್ಖಾನೆಯ ಉಲ್ಲೇಖವೇ ಇರಲಿಲ್ಲ, ಕಾರಣ ತಿಳಿದುಬಂದಿಲ್ಲ ಎಂದಿತ್ತು. ಕಂಪನಿಯ ನಿರ್ದೇಶಕರು ತಾವಾಗಿ ಫೋನ್ ಮಾಡಿ ನನ್ನನ್ನು ಹೊಗಳಿದರು.

ಕೆರೆಯ ಮೀನಿನ ಗುತ್ತಿಗೆ ಹಿಡಿದಿದ್ದು ಊರಿನ ಮೀನುಗಾರರ ಸಹಕಾರ ಸಂಘ. ಹಿಂದಿನ ಮಳೆಗಾಲದಲ್ಲಿ ಬಿಟ್ಟ ಮರಿಗಳು ತೂಕಕ್ಕೆ ಬಂದು, ಬಲೆ ಹಾಕುವ ಹೊತ್ತಿಗೆ ಸತ್ತಿದ್ದವು. ಗುತ್ತಿಗೆಯ ಹಣ, ಮರಿಯ ಹಣ, ಕೂಲಿ ಎಲ್ಲ ನೀರಿಗೆ ಹೋಯಿತು. ಸುದ್ದಿ ಸರಿಯಾಗಿ ಬಂದಿದ್ದರೆ ಅಧಿಕಾರಿಗಳು ಮರುದಿನವೇ ಬಂದು ನೀರಿನ ಮಾದರಿ ತೆಗೆಯುತ್ತಿದ್ದರು. ಸುದ್ದಿ ಬಾರದೆ ವಾರಗಳು ಕಳೆದವು, ಮಳೆ ಬಂತು, ಕೆರೆಯ ನೀರು ತಿಳಿಯಾಯಿತು, ಪುರಾವೆ ಹರಿದುಹೋಯಿತು. ಇದನ್ನು ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ. ಅವರ ಕೈಯಲ್ಲಿದ್ದ ಒಂದೇ ಒಂದು ಸಾಕ್ಷಿಯನ್ನು ನಾನು ಒಂದು ಫೋನ್ ಕರೆಯಿಂದ ಕಿತ್ತುಕೊಂಡಿದ್ದೆ.

ಮುಂದಿನ ಹಂಗಾಮಿನಲ್ಲಿ ಮತ್ತೆ ಹಾಗೇ ಆಯಿತು. ಈ ಸಲ ಊರಿನವರು ಪತ್ರಿಕೆಗೆ ಕಾಯಲಿಲ್ಲ. ಹಣ್ಣಿನ ಲಾರಿಗಳನ್ನು ಗೇಟಿನಲ್ಲೇ ತಡೆದರು. ಟಿ.ವಿ.ಯವರು ಬಂದರು, ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗಳು ಬಂದರು. ಶುದ್ಧೀಕರಣ ಘಟಕವನ್ನು ತಪ್ಪಿಸಿ ನೇರವಾಗಿ ಕಾಲುವೆಗೆ ಹೋಗುವ ಪೈಪು ಸಿಕ್ಕಿತು. ನಾನು ಹಿಂದಿನ ವರ್ಷ ಲಗತ್ತಿಸಿದ್ದ ವರದಿಯ ಪ್ರತಿ ಊರಿನ ಯುವಕನೊಬ್ಬನ ಕೈಯಲ್ಲಿತ್ತು. ಜನವರಿಯ ದಿನಾಂಕವನ್ನು ಅವನು ಕ್ಯಾಮೆರಾದ ಮುಂದೆ ಗಟ್ಟಿಯಾಗಿ ಓದಿದ. ಆ ದಿನ ನಾನು ಕಳಿಸಿದ ಹೇಳಿಕೆಯನ್ನು ಒಬ್ಬ ಸ್ಥಳೀಯ ವರದಿಗಾರನೂ ಬಳಸಲಿಲ್ಲ. ಕಂಪನಿ ನನ್ನ ಒಪ್ಪಂದ ಮುಗಿಸಿತು. ಅದು ಸಣ್ಣ ನಷ್ಟ.

ಮಾಹಿತಿ ಕೊಟ್ಟದ್ದು ಕಂಪನಿ, ನಾನು ಬರೆದವನು ಮಾತ್ರ ಎಂದು ಕೆಲವು ಕಾಲ ಸಮಾಧಾನ ಮಾಡಿಕೊಂಡೆ. ನಮ್ಮ ವೃತ್ತಿಯಲ್ಲಿ ಈ ಸಮಾಧಾನ ಬಹಳ ಹಳೆಯದು. ಅಮೆರಿಕದ ಐವಿ ಲೀ ಎಂಬಾತ ಈ ವೃತ್ತಿಗೆ ತಳಪಾಯ ಹಾಕಿದವರಲ್ಲಿ ಒಬ್ಬ. ನಮ್ಮ ಕೆಲಸವೆಲ್ಲ ಬಯಲಿನಲ್ಲಿ ನಡೆಯುತ್ತದೆ, ನಾವು ಕೊಡುವ ಮಾಹಿತಿ ನಿಖರವಾಗಿರುತ್ತದೆ, ಪರಿಶೀಲಿಸಬಯಸುವ ಸಂಪಾದಕರಿಗೆ ನೆರವಾಗುತ್ತೇವೆ ಎಂಬ ಪ್ರಣಾಳಿಕೆಯನ್ನು 1906ರಲ್ಲಿ ಹೊರಡಿಸಿದವನು ಅವನೇ. ಅದೇ ವರ್ಷ ಅಕ್ಟೋಬರಿನಲ್ಲಿ ಅಟ್ಲಾಂಟಿಕ್ ಸಿಟಿಯ ಬಳಿ ರೈಲು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತಾಗ, ವಿಷಯ ಮುಚ್ಚಿಡದೆ ಪತ್ರಕರ್ತರನ್ನು ಸ್ಥಳಕ್ಕೇ ಕರೆದೊಯ್ಯುವಂತೆ ರೈಲ್ವೆ ಕಂಪನಿಯನ್ನು ಒಪ್ಪಿಸಿದ. ನಾನು ಹೊಸಬರಿಗೆ ಪಾಠ ಮಾಡುವಾಗ ಈ ಕಥೆಯನ್ನು ಉತ್ಸಾಹದಿಂದ ಹೇಳುತ್ತಿದ್ದೆ. ಅವನದೇ ಇನ್ನೊಂದು ಕಥೆ ನನಗೆ ನಾಟಿದ್ದು ಕೆರೆಯ ಪ್ರಕರಣ ಆದಮೇಲೆ. 1914ರ ಏಪ್ರಿಲಿನಲ್ಲಿ ಕೊಲರಾಡೊದ ಲಡ್ಲೋ ಎಂಬಲ್ಲಿ ಮುಷ್ಕರ ಹೂಡಿದ್ದ ಕಲ್ಲಿದ್ದಲು ಗಣಿ ಕಾರ್ಮಿಕರ ಡೇರೆಗಳ ಮೇಲೆ ದಾಳಿ ನಡೆದು, ಬೆಂಕಿ ಬಿದ್ದು, ಒಂದು ಡೇರೆಯ ಕೆಳಗಿನ ಗುಂಡಿಯಲ್ಲಿ ಅಡಗಿದ್ದ 11 ಮಕ್ಕಳು, ಇಬ್ಬರು ಹೆಂಗಸರು ಸತ್ತರು. ಗಣಿಯ ಒಡೆಯರಾದ ರಾಕ್‌ಫೆಲ್ಲರ್ ಕುಟುಂಬದ ಪರವಾಗಿ ಐವಿ ಲೀ ಕರಪತ್ರಗಳ ಸರಣಿಯನ್ನೇ ಹೊರತಂದ. ಅವುಗಳಲ್ಲಿ ಸುಳ್ಳುಗಳಿದ್ದವು. ಸರ್ಕಾರದ ವಿಚಾರಣಾ ಆಯೋಗ ಪ್ರಶ್ನಿಸಿದಾಗ, ಕಂಪನಿಯವರು ಕೊಟ್ಟದ್ದನ್ನೇ ಬರೆದೆ, ನಿಜವೋ ಅಲ್ಲವೋ ಎಂದು ತಾನಾಗಿ ಪರಿಶೀಲಿಸಲಿಲ್ಲ ಎಂದು ಅವನು ಒಪ್ಪಿಕೊಂಡ. ಪ್ರಣಾಳಿಕೆ ಬರೆದು ಹತ್ತು ವರ್ಷವೂ ಆಗಿರಲಿಲ್ಲ. ಅದನ್ನು ಓದಿದ ಮೇಲೆ ನನ್ನ ಸಮಾಧಾನ ಉಳಿಯಲಿಲ್ಲ. ಪರಿಶೀಲಿಸದಿರುವುದು ತನ್ನಷ್ಟಕ್ಕೆ ಆಗಿಹೋಗುವ ಮರೆವಲ್ಲ. ನಾವು ಆರಿಸಿಕೊಂಡು ಮಾಡುವ ಕೆಲಸ ಅದು.

ಆ ವರದಿಗಾರರನ್ನು ನೋಡಲು ಹೋದದ್ದು ಬಹಳ ತಡವಾಗಿ. ಬಸ್‌ಸ್ಟ್ಯಾಂಡಿನ ಎದುರಿನ ಅವರ ಪುಟ್ಟ ಅಂಗಡಿಯಲ್ಲಿ ಕೂತೆವು. ಕಾಫಿ ತರಿಸಿದರು. ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಕಂಪನಿ ಸುಳ್ಳು ಹೇಳಿದ್ದಕ್ಕೆ ನನಗೆ ಬೇಜಾರಿಲ್ಲ ಸಾರ್. ಅವರು ಹೇಳ್ತಾರೆ. ನೀವು ಡೆಸ್ಕಿಗೆ ಫೋನ್ ಮಾಡಿದ್ರಲ್ಲ, ಅವತ್ತಿಂದ ನಾನು ಯಾವ ಸುದ್ದಿ ಕಳಿಸಿದ್ರೂ ‘ಇದು ಗ್ಯಾರಂಟಿನಾ?’ ಅಂತ ಕೇಳೋಕೆ ಶುರು ಮಾಡಿದ್ರು. ಮೊದಲು ಕೇಳ್ತಿರಲಿಲ್ಲ.” ಆಮೇಲೆ ಪೈಪು ಸಿಕ್ಕಿದಾಗ ಡೆಸ್ಕಿನವರು ಏನಂದರು ಎಂದು ಕೇಳಿದೆ. ಯಾರೂ ಏನೂ ಅನ್ನಲಿಲ್ಲ ಎಂದರು. ಅಷ್ಟು ಹೊತ್ತಿಗೆ ಅವರು ಸುದ್ದಿ ಕಳಿಸುವುದನ್ನು ಕಡಿಮೆ ಮಾಡಿ ಅಂಗಡಿಯತ್ತ ತಿರುಗಿದ್ದರು. ನಾನು ಗೆಳೆಯನಿಗೂ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವನು ಕೋಪಿಸಿಕೊಂಡ. ಕೋಪಿಸಿಕೊಳ್ಳಲೇಬೇಕಿತ್ತು, ಅವನ ಸ್ನೇಹವನ್ನು ನಾನು ಕ್ಲೈಂಟ್‌ಗೆ ಮಾರಿದ್ದೆ. ನಮ್ಮ ನಡುವೆ ಈಗ ಮದುವೆ ಮನೆಗಳಲ್ಲಿ ನಮಸ್ಕಾರದಷ್ಟು ಮಾತಿದೆ.

ಸಂಪರ್ಕ ಎಂಬುದನ್ನೇ ಬಂಡವಾಳ ಮಾಡಿಕೊಂಡ ವೃತ್ತಿ ನಮ್ಮದು. ಯಾರ ನಂಬರ್ ನಿಮ್ಮ ಹತ್ತಿರ ಇದೆ ಎಂಬುದೇ ಕ್ಲೈಂಟ್ ಕೇಳುವ ಮೊದಲ ಪ್ರಶ್ನೆ. ಡೆಸ್ಕಿನಿಂದ ಪಿ.ಆರ್.ಗೆ ಬಂದ ನನ್ನಂಥವರಿಗೆ ಸಂಬಳ ಕೊಡುವುದು ಬಹುಮಟ್ಟಿಗೆ ಆ ನಂಬರುಗಳಿಗೇ. ನಾನು ಈಗ ಕೆಲಸ ಒಪ್ಪಿಕೊಳ್ಳುವ ಮೊದಲು ಒಂದು ಮಾತನ್ನು ಕಾಗದದಲ್ಲೇ ಬರೆಸುತ್ತೇನೆ: ಸುದ್ದಿ ತಡೆಯಲು ಯಾರಿಗೂ ಫೋನ್ ಮಾಡುವುದಿಲ್ಲ, ನಾನು ಕೇಳಿದ ದಾಖಲೆ ಸಿಗುವವರೆಗೆ ಹೇಳಿಕೆ ಬರೆಯುವುದಿಲ್ಲ. ಕೆಲವರು ಎದ್ದುಹೋಗಿದ್ದಾರೆ. ಉಳಿದವರ ಜೊತೆಗಿನ ಕೆಲಸ ನಿಧಾನ. ದೂರು ಬಂದ ಊರಿಗೆ ಮೊದಲು ಹೋಗುತ್ತೇನೆ, ಕನ್ನಡದಲ್ಲೇ ಟಿಪ್ಪಣಿ ಮಾಡಿಕೊಳ್ಳುತ್ತೇನೆ, ಇಂಗ್ಲಿಷ್ ಮೀಟಿಂಗಿಗೆ ಆ ಟಿಪ್ಪಣಿ ಹಿಡಿದುಕೊಂಡು ಹೋಗುತ್ತೇನೆ. ತಪ್ಪಾಗಿದ್ದರೆ ಒಪ್ಪಿಕೊಂಡು ಪರಿಹಾರ ಘೋಷಿಸುವ ಹೇಳಿಕೆಯನ್ನು ಒಬ್ಬ ಮಾಲೀಕರಿಂದ ಹೊರಡಿಸಲು ಹಗಲೆಲ್ಲ ವಾದ ಮಾಡಿದ್ದೇನೆ. ವಕೀಲರು ಬೇಡ ಅನ್ನುತ್ತಾರೆ, ಹೊಣೆ ಒಪ್ಪಿಕೊಂಡಂತೆ ಆಗುತ್ತದೆ ಎಂದು. ಅವರ ಮಾತಿನಲ್ಲೂ ಹುರುಳಿದೆ, ಆದರೂ ಊರಿನವರ ಜೊತೆ ಮುಂದಿನ ಇಪ್ಪತ್ತು ವರ್ಷ ಬಾಳಬೇಕಾದವರು ವಕೀಲರಲ್ಲ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಊರಿನ ಪಕ್ಕದ ಕಾರ್ಖಾನೆಯಿಂದ ‘ಎಲ್ಲವೂ ಮಿತಿಯೊಳಗಿದೆ’ ಎಂಬ ಹೇಳಿಕೆ ಬಂದರೆ ಅದರ ಜೊತೆಗಿನ ವರದಿಯನ್ನು ಕೇಳಿ ತರಿಸಿಕೊಳ್ಳಿ. ಕಾರ್ಖಾನೆ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ವರದಿ ಕೈಗೆ ಬಂದಾಗ ಅಂಕಿಗಳಿಗಿಂತ ಮೊದಲು, ಮಾದರಿ ಯಾವ ತಿಂಗಳಲ್ಲಿ ತೆಗೆದದ್ದು ಎಂದು ನೋಡಿ.