ಅವ್ವ ಏರಿದ ಕೈರಿಕ್ಷಾ

ಪುಣೆ, ಮುಂಬಯಿಯಲ್ಲಿರುವ ನಮಗೆ ಎರಡು ದಿನ ರಜೆ ಸಿಕ್ಕಿತೆಂದರೆ ಹೊಳೆಯುವ ಹೆಸರುಗಳು ನಾಲ್ಕೈದೇ: ಲೋಣಾವಳಾ, ಮಹಾಬಳೇಶ್ವರ, ಪಂಚಗಣಿ, ಮಾಥೇರಾನ್. ಇವುಗಳಲ್ಲಿ ಮಾಥೇರಾನ್‌ನದು ಬೇರೆಯದೇ ಲೆಕ್ಕ. ಸುಮಾರು 800 ಮೀಟರ್ ಎತ್ತರದ ಈ ಪುಟ್ಟ ಊರೊಳಗೆ ಪ್ರವಾಸಿಗರ ಕಾರು, ಬೈಕು ಬರುವಂತಿಲ್ಲ. 1850ರಲ್ಲಿ ಠಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್‌ನ ಕಣ್ಣಿಗೆ ಬಿದ್ದ ಬೆಟ್ಟವಿದು. 1907ರಲ್ಲಿ ಪೀರ್‌ಭಾಯ್ ಕುಟುಂಬ ನೇರಳದಿಂದ ಮೇಲಕ್ಕೆ ಎರಡಡಿ ಅಗಲದ ಹಳಿ ಹಾಕಿಸಿ ಪುಟಾಣಿ ರೈಲು ಓಡಿಸಿತು. 2003ರಲ್ಲಿ ಕೇಂದ್ರ ಸರ್ಕಾರ ಇದನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿತು. ಕಾರಿನಲ್ಲಿ ಬಂದವರು ದಸ್ತುರಿ ನಾಕಾದಲ್ಲಿ ಇಳಿಯಲೇಬೇಕು. ಅಲ್ಲಿಂದ ಪೇಟೆಗೆ ಎರಡೂವರೆ ಕಿಲೋಮೀಟರಿನಷ್ಟು ದಾರಿ. ನಾವು ಹೋದಾಗ ನಡೆಯಬೇಕಿತ್ತು, ಕುದುರೆ ಏರಬೇಕಿತ್ತು, ಅಮನ್ ಲಾಡ್ಜ್ ಸ್ಟೇಷನ್ನಿನಲ್ಲಿ ಶಟಲ್ ರೈಲು ಹಿಡಿಯಬೇಕಿತ್ತು, ಇಲ್ಲವೇ ಕೈರಿಕ್ಷಾದಲ್ಲಿ ಕೂರಬೇಕಿತ್ತು.

2022ರ ನವೆಂಬರಿನಲ್ಲಿ ನಾವು ನಾಲ್ವರು ಹೋದೆವು: ನಾನು, ಹೆಂಡತಿ, ಮಗಳು ಮತ್ತು ಬೈಲಹೊಂಗಲದಿಂದ ಬಂದಿದ್ದ ಅವ್ವ. ಅವ್ವನ ಮೊಣಕಾಲು ಅಷ್ಟು ದೂರ ತಾಳುವಂಥದ್ದಲ್ಲ. ಶಟಲ್ ಆಗಷ್ಟೇ ಹೊರಟುಹೋಗಿತ್ತು. ಕುದುರೆಯ ಮಾತೇ ಇಲ್ಲ. ಉಳಿದದ್ದು ಕೈರಿಕ್ಷಾ: ಮುಂದೊಬ್ಬ ಎಳೆಯುವವ, ಹಿಂದೆ ಇಬ್ಬರು ತಳ್ಳುವವರು.

ಅವ್ವ ಅದನ್ನೊಮ್ಮೆ ನೋಡಿ ಹಿಂದೆ ಸರಿದಳು. "ಮನಷ್ಯಾ ಎಳಿಯೋ ಗಾಡ್ಯಾಗ ನಾ ಕೂಡಂಗಿಲ್ಲ ತಮ್ಮಾ. ಎತ್ತಿಗರ ನಾಕ ಕಾಲ ಇರ್ತಾವ" ಅಂದಳು.

ಎಳೆಯುವವನಿಗೆ ನನ್ನಷ್ಟೇ ವಯಸ್ಸು. ಮಾತು ಅರ್ಥವಾಗದಿದ್ದರೂ ವಿಷಯ ಅವನಿಗೆ ತಿಳಿಯಿತು. ಬಹುಶಃ ದಿನವೂ ಕೇಳುವ ಮಾತೇ. ಮರಾಠಿಯಲ್ಲಿ ಹೇಳಿದ: "ಆಜಿ, ನೀವು ಕೂರದಿದ್ದರೆ ನಿಮಗೆ ಪುಣ್ಯ ಬರಬಹುದು. ನಮಗೆ ಕೂಲಿ ಬರುವುದಿಲ್ಲ."

ಬೆಳಗಾವಿ ಕಡೆಯ ಅವ್ವನಿಗೆ ಮರಾಠಿ ಚೆನ್ನಾಗಿಯೇ ತಿಳಿಯುತ್ತದೆ. ಎರಡು ನಿಮಿಷ ಸುಮ್ಮನೆ ನಿಂತಳು. ಆಮೇಲೆ ಸೆರಗು ಬಿಗಿದುಕೊಂಡು ಹತ್ತಿದಳು. ಮೊದಲ ಏರು ಬಂದ ಕೂಡಲೇ "ನಿಂದ್ರಸ್ರಿ, ಇಳೀತೀನಿ" ಎಂದು ಶುರುಮಾಡಿದಳು. ಅವನು ನಗುತ್ತ, ಉಸಿರು ಬಿಡುತ್ತ ಹೇಳಿದ: "ಚಕ್ರ ಉರುಳುತ್ತಿದ್ದರೆ ಭಾರ ಅಷ್ಟಾಗಿ ಗೊತ್ತಾಗುವುದಿಲ್ಲ ಆಜಿ. ನಿಲ್ಲಿಸಿ ಮತ್ತೆ ಎಳೆಯುವುದೇ ಕಷ್ಟ." ಆಮೇಲೆ ಅವ್ವ ಇಳಿಯಲಿಲ್ಲ. ಕಣ್ಣು ಮುಚ್ಚಿಕೊಂಡು ಕೂತಳು. ಮಗಳು ಫೋಟೊ ತೆಗೆದಾಗ ಮಾತ್ರ ಕಣ್ಣು ಬಿಟ್ಟು, "ಅದನ್ನ ಅಳಿಸಿಬಿಡ ಪುಟ್ಟಿ, ಊರಾಗ ಯಾರೂ ನೋಡಬಾರದು" ಅಂದಳು. ಮಗಳು ಮರುಮಾತಾಡದೆ ಅಳಿಸಿದಳು.

ಎರಡು ದಿನ ಚೆನ್ನಾಗಿಯೇ ಕಳೆದವು. ಷಾರ್ಲಟ್ ಕೆರೆಯ ದಂಡೆ, ಚಿಕ್ಕಿ ಅಂಗಡಿಗಳು, ಕೈಯಿಂದ ಚೀಲ ಕಸಿಯುವ ಮಂಗಗಳು, ರಾತ್ರಿ ಹಾರನ್ನೇ ಇಲ್ಲದ ನಿಶ್ಶಬ್ದ. ಆ ನಿಶ್ಶಬ್ದಕ್ಕೇ ನಾವು ಅಲ್ಲಿಗೆ ಹೋಗುವುದು. ಆದರೆ ಬೆಳಿಗ್ಗೆ ಹೊಟೇಲಿನ ಮುಂದೆ ನಿಂತರೆ ಅದರ ಬೆಲೆ ಕಾಣುತ್ತದೆ. ಅಕ್ಕಿಮೂಟೆ, ತರಕಾರಿ, ನಮ್ಮ ಗಾಲಿಯಿರುವ ಸೂಟ್‌ಕೇಸುಗಳು, ಎಲ್ಲವೂ ಕುದುರೆಯ ಬೆನ್ನ ಮೇಲೆ ಇಲ್ಲವೇ ಯಾರದೋ ತಲೆಯ ಮೇಲೆ ಬರುತ್ತವೆ. ಎಂಜಿನ್ ಬೇಡವೆಂದಾಗ ಭಾರ ಕರಗುವುದಿಲ್ಲ, ಹೊರುವವರು ಬದಲಾಗುತ್ತಾರೆ.

ನಾವು ಬಂದ ಮರು ತಿಂಗಳೇ ಅಲ್ಲಿ ಪ್ರಾಯೋಗಿಕವಾಗಿ ಇ-ರಿಕ್ಷಾ ಶುರುವಾಯಿತು. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್, ಮನುಷ್ಯ ಮನುಷ್ಯನನ್ನು ಎಳೆಯುವ ಈ ಪದ್ಧತಿ ಆರು ತಿಂಗಳಲ್ಲಿ ನಿಲ್ಲಬೇಕು ಎಂದಿತು. ಗುಜರಾತಿನ ಕೇವಡಿಯಾದಲ್ಲಿ ಮಾಡಿದಂತೆ ಸರ್ಕಾರವೇ ಇ-ರಿಕ್ಷಾ ಕೊಂಡು ಎಳೆಯುವವರಿಗೆ ಬಾಡಿಗೆಗೆ ಕೊಡಬೇಕು, ಹಣವಿಲ್ಲವೆಂಬ ನೆಪ ಹೇಳಬಾರದು ಎಂದೂ ಹೇಳಿತು. ಆ ಸಂಜೆ ಅವ್ವನಿಗೆ ಫೋನಿನಲ್ಲಿ ಸುದ್ದಿ ಓದಿ ಹೇಳಿದೆ. "ಛಲೋ ಆತು" ಅಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ನನ್ನ ಗಾಡಿಗೆ ಮೂರ ಮಂದಿ ಇದ್ರಲ್ಲ? ಬ್ಯಾಟ್ರಿ ಗಾಡಿಗೆ ಒಬ್ಬಾಂವ ಸಾಕು. ಉಳದ ಇಬ್ಬರು ಏನ್ ಮಾಡಬೇಕು?"

ಒಂದು ಕೆಲಸಕ್ಕೆ ಎಷ್ಟು ಜನ ಸಾಕು ಎಂದು ಕಚೇರಿಯಲ್ಲಿ ದಿನವೂ ಲೆಕ್ಕ ಹಾಕುವವನು ನಾನು. ನಮ್ಮ ಹಾಳೆಯಲ್ಲಿ 'ಉಳಿದವರು' ಎಂಬ ಕಾಲಂ ಇರುವುದಿಲ್ಲ. ಕೈರಿಕ್ಷಾ ನಿಲ್ಲಲೇಬೇಕು, ಅದರಲ್ಲಿ ನನಗೂ ಅವ್ವನಿಗೂ ಎರಡು ಮಾತಿಲ್ಲ. ಆದರೆ ಕಣ್ಣು ಮುಚ್ಚಿ ಕೂತವಳು ಗಾಡಿಯ ಹಿಂದಿನ ಇಬ್ಬರನ್ನೂ ಎಣಿಸಿಟ್ಟುಕೊಂಡಿದ್ದಳು.

ಮತ್ತೆ ಆ ಕಡೆ ಹೋದರೆ ಅವರನ್ನು ವಿಚಾರಿಸಿಕೊಂಡು ಬಾ ಎಂದಿದ್ದಾಳೆ. ನಿಮ್ಮಲ್ಲಿ ಯಾರಾದರೂ ನನಗಿಂತ ಮೊದಲು ಹೋಗುವವರಿದ್ದರೆ, ದಸ್ತುರಿ ನಾಕಾದಲ್ಲಿ ಇಳಿದಾಗ ನೀವೂ ಒಂದು ಮಾತು ಕೇಳಿ.