ಮುಲಾಜಿಲ್ಲದೆ ಹೇಳಿ ಸಾರ್

ಫೋಟೋಗ್ರಾಫರ್ ಗೆಳೆಯರು ತಮ್ಮ ಚಿತ್ರವನ್ನು ಮುಂದಿಟ್ಟು ‘ಮುಲಾಜಿಲ್ಲದೆ ಹೇಳಿ ಸಾರ್’ ಅಂದರು ಅಂದರೆ ಮುಲಾಜು ಅಲ್ಲಿಂದಲೇ ಶುರು. ತಪ್ಪಿಸಿಕೊಳ್ಳಲು ನಮ್ಮ ಬಳಗದಲ್ಲಿ ಕೆಲವು ದಾರಿಗಳಿವೆ. ‘ಯಾವ ಲೆನ್ಸು?’ ಎಂದು ಕೇಳಿದರೆ ಹೊಗಳಿಕೆ ಕ್ಯಾಮೆರಾ ಕಂಪನಿಗೆ ಸಲ್ಲುತ್ತದೆ. ‘ಬೆಳಕು ಚೆನ್ನಾಗಿ ಸಿಕ್ಕಿದೆ’ ಎಂದರೆ ಸೂರ್ಯನಿಗೆ. ‘ತುಂಬಾ ಕಷ್ಟಪಟ್ಟಿದ್ದೀರಿ’ ಎಂದರೆ ಕಷ್ಟ ಚೆನ್ನಾಗಿದೆ, ಚಿತ್ರದ ವಿಷಯ ಬೇಡ ಎಂದು.

ಹಿಂದೆ ಇಷ್ಟು ನಯನಾಜೂಕು ಇರಲಿಲ್ಲ. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಕ್ಲಬ್ಬುಗಳ ಕಾಲ ಅದು. ವನ್ಯಜೀವಿ ಛಾಯಾಗ್ರಾಹಕರಾದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ಪ್ರಿಂಟುಗಳನ್ನು ನೋಡಿ ನೋಡಿ ಕಣ್ಣು ಹದಗೊಂಡಿದ್ದ ಹಿರಿಯರು ಎಲ್ಲ ಕಡೆ ಇದ್ದರು. 36 ಫ್ರೇಮಿನ ರೋಲಿನಲ್ಲಿ ಒಂದನ್ನು ಆರಿಸಿ, ಬಚ್ಚಲುಮನೆಗೆ ಕೆಂಪು ಬಲ್ಬು ಹಾಕಿ, ಹೈಪೋ ವಾಸನೆಯ ಕೈಯಲ್ಲೇ ನಾವು ಒಯ್ಯುತ್ತಿದ್ದ 12x15 ಇಂಚಿನ ಪ್ರಿಂಟಿನ ಮೇಲೆ ಅವರು ‘ಎಲ್’ ಆಕಾರದ ಎರಡು ಕಪ್ಪು ರಟ್ಟುಗಳನ್ನು ಇಡುತ್ತಿದ್ದರು. ಮೆಲ್ಲಗೆ ಜರುಗಿಸಿದರೆ ಬಲಗಡೆಯ ಮರ ಹೋಯಿತು. ಇನ್ನೊಮ್ಮೆ ಜರುಗಿಸಿದರೆ ಅರ್ಧ ಆಕಾಶ. ‘ಬೆಳಗಿನ ಜಾವದಿಂದ ಕೆಸರಲ್ಲಿ ಕೂತಿದ್ದೆ ಸಾರ್’ ಎಂದು ಗೋಗರೆದರೆ, ‘ಕೆಸರು ಫ್ರೇಮಿನಲ್ಲಿ ಕಾಣಿಸ್ತಿಲ್ಲವಲ್ಲಪ್ಪ’ ಎಂಬ ಉತ್ತರ ಬರುತ್ತಿತ್ತು.

ಬೈಗುಳ ಅನ್ನಿ, ಏನನ್ನಾದರೂ ಅನ್ನಿ. ಅಷ್ಟು ಹೊತ್ತು ನಮ್ಮ ಚಿತ್ರವನ್ನು ನಮ್ಮ ಹೆಂಡತಿಯೂ ನೋಡಿದವಳಲ್ಲ.

ಗೆಳೆಯನೊಬ್ಬ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಹುಣಸೆಮರದ ಮೇಲಿನ ಬಣ್ಣದ ಕೊಕ್ಕರೆಗಳನ್ನು ತೆಗೆದು ತಂದ. ಕೆಳಗೊಂದು ಹೆಂಚಿನ ಮನೆ, ಅಂಗಳದಲ್ಲಿ ಸೀರೆ ಒಣಹಾಕುತ್ತಿದ್ದ ಅಜ್ಜಿ. ‘ನೇಚರ್ ವಿಭಾಗಕ್ಕೆ ಅಜ್ಜಿ ಯಾಕೆ?’ ಎಂದು ರಟ್ಟು ಜರುಗಿತು. ಮನುಷ್ಯರ ಸುಳಿವಿದ್ದರೆ ಸಲೋನಿನಲ್ಲಿ, ಅಂದರೆ ಫೋಟೋ ಸ್ಪರ್ಧೆಯಲ್ಲಿ, ಚಿತ್ರ ಬಿದ್ದುಹೋಗುತ್ತದೆ ಎನ್ನುವುದು ಆಗ ಎಲ್ಲರಿಗೂ ಬಾಯಿಪಾಠ. ಅಜ್ಜಿ ಹೋದಳು, ಅಕ್ಸೆಪ್ಟೆನ್ಸ್ ಬಂತು. ಆದರೆ ಆ ಊರಿನವರು ಹೇಳುವುದೇ ಬೇರೆ: ಹಕ್ಕಿಗಳು ಬಾಣಂತನಕ್ಕೆ ಬಂದ ಮನೆಯ ಹೆಣ್ಣುಮಕ್ಕಳಂತೆ. ಹಾಗಿದ್ದರೆ ನಾವು ಮಗಳನ್ನು ಉಳಿಸಿಕೊಂಡು ತವರನ್ನೇ ಕ್ರಾಪ್ ಮಾಡಿದ್ದೆವು. ಅಂತಾರಾಷ್ಟ್ರೀಯ ಫೋಟೋಗ್ರಫಿ ಸಂಸ್ಥೆಗಳ ನೇಚರ್ ವ್ಯಾಖ್ಯೆಯಲ್ಲೂ ಆಮೇಲೆ, ಮನುಷ್ಯರ ನಡುವೆ ಬದುಕಲು ಒಗ್ಗಿಕೊಂಡ ಕೊಕ್ಕರೆ, ಗೂಬೆಗಳಿಗೆ ವಿನಾಯಿತಿ ಬಂತು. ಅಜ್ಜಿಗೆ ನ್ಯಾಯ ಸಿಕ್ಕಿತು, ತುಸು ತಡವಾಗಿ.

ರಟ್ಟಿನವರು ಹೇಳಿದ್ದು ಆ ವಿಭಾಗಕ್ಕೆ ಸರಿಯೇ ಇತ್ತು. ಆದರೆ ಗೆಳೆಯನಿಗೆ ಬೇಕಾಗಿದ್ದದ್ದು ಹಕ್ಕಿಯೋ ಊರೋ ಎಂದು ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ, ಹಿರಿಯರ ಮುಂದೆ ಹೇಳುವ ರೂಢಿ ಇರಲಿಲ್ಲ.

ಈಗ ರಟ್ಟಿಲ್ಲ, ಹಿರಿಯರೂ ಕಡಿಮೆ. ಒಂದು ಬೆಳಿಗ್ಗೆಗೆ ಸಾವಿರ ಫ್ರೇಮು ಒತ್ತುವ ಹುಡುಗರು ಬಂದು ಮೊಬೈಲ್ ಚಾಚುತ್ತಾರೆ. ನಾನು ಕನ್ನಡಕ ಸರಿಪಡಿಸಿಕೊಂಡು, ‘ಇದರಲ್ಲಿ ನಿಮಗೆ ಏನು ಬೇಕಿತ್ತು?’ ಎನ್ನುತ್ತೇನೆ. ಉತ್ತರ ಬಂದರೆ ನನ್ನ ಕೆಲಸ ಹಗುರ. ಬೇಕಿದ್ದದ್ದಕ್ಕೂ ಬಂದದ್ದಕ್ಕೂ ನಡುವೆ ಎಷ್ಟು ದೂರವಿದೆ ಎಂದು ತೋರಿಸಿದರೆ ಸಾಕು. ಒಬ್ಬಿಬ್ಬರು ಕೂತು ಯೋಚಿಸುತ್ತಾರೆ. ಉಳಿದವರ ಮುಖದಲ್ಲಿ ಮಾತ್ರ ‘ಸೂಪರ್ ಅಂದಿದ್ರೆ ಮುಗೀತಿತ್ತಲ್ಲ ಸಾರ್’ ಎಂಬುದು ಬಹಳ ಶಾರ್ಪಾಗಿ ಬಂದಿರುತ್ತದೆ.