ತಳದ ಕಲ್ಲು

ಶುಚಿತ್ವವು ಗೃಹಸ್ಥಧರ್ಮದ ಒಂದು ಅಂಗ. ಆದರೆ ಕಣ್ಣಿಗೆ ಕಾಣುವ ಕೊಳೆಯನ್ನು ತೊಳೆಯುವ ಆತುರದಲ್ಲಿ, ಕಾಣದೆ ದುಡಿಯುತ್ತಿರುವ ಜೀವಸಮೂಹವನ್ನೇ ತೊಳೆದುಹಾಕುವ ಸಂಭವವೂ ಉಂಟು. ಹುಬ್ಬಳ್ಳಿಯ ಜವಳಿ ವರ್ತಕರೊಬ್ಬರ ಮನೆಯಲ್ಲಿ ನಡೆದ ಸಂಗತಿಯೊಂದು ಇದಕ್ಕೆ ನಿದರ್ಶನವಾಗಿದೆ.

ಆ ಮನೆಯ ಪಡಸಾಲೆಯಲ್ಲಿ ಸುಮಾರು 100 ಲೀಟರ್ ನೀರು ಹಿಡಿಯುವ ಗಾಜಿನ ತೊಟ್ಟಿಯೊಂದು ಐದು ವರ್ಷಗಳಿಂದ ಇತ್ತು. ಮೊಮ್ಮಗಳ ಹುಟ್ಟುಹಬ್ಬಕ್ಕೆ ಬಂಧುಗಳು ತಂದುಕೊಟ್ಟ ಉಡುಗೊರೆ ಅದು. ಒಳಗೆ ನಾಲ್ಕು ಗೋಲ್ಡ್‌ಫಿಷ್ ಮೀನುಗಳು. ತಳಕ್ಕೆ ಹಾಸಿದ್ದ ನೀಲಿ ಹರಳುಗಲ್ಲು ಬಣ್ಣ ಕಳೆದುಕೊಂಡು ಪಾಚಿಗಟ್ಟಿತ್ತು. ದಶಲಕ್ಷಣ ಪರ್ವ ಸಮೀಪಿಸಿತ್ತು. ಮನೆಯೆಲ್ಲ ಶುದ್ಧವಾಗುತ್ತಿರುವಾಗ ಇದೊಂದು ಮಾತ್ರ ಏಕೆ ಹೀಗಿರಬೇಕೆಂದು ಹಿರಿಯರು ಭಾವಿಸಿದರು. ಒಂದು ಭಾನುವಾರ ಮೀನುಗಳನ್ನು ಬಕೆಟ್ಟಿಗೆ ವರ್ಗಾಯಿಸಿ, ನೀರನ್ನೆಲ್ಲ ಚೆಲ್ಲಿ, ಹಳೆಯ ಕಲ್ಲನ್ನು ತೆಗೆದೊಗೆದು, ಗಾಜನ್ನು ಉಜ್ಜಿ, ಫಿಲ್ಟರಿನ ಸ್ಪಂಜನ್ನೂ ನಲ್ಲಿಯ ಕೆಳಗೆ ಹಿಂಡಿ ತೊಳೆದರು. ಅಮೃತಶಿಲೆಯ ಬಿಳಿ ಚೂರುಗಳನ್ನು ಹಾಸಿ ಹೊಸ ನೀರು ತುಂಬಿದರು. ಸಂಜೆ ದೀಪ ಹಚ್ಚಿದಾಗ ತೊಟ್ಟಿ ಸ್ಫಟಿಕದಂತೆ ಹೊಳೆಯಿತು. ಬಂದವರೆಲ್ಲ ಮೆಚ್ಚಿದರು.

ಮೂರನೆಯ ದಿನ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಏದುಸಿರು ಬಿಡತೊಡಗಿದವು. ಐದನೆಯ ದಿನ ಬೆಳಗ್ಗೆ ಎರಡು ಸತ್ತಿದ್ದವು. ಮೊಮ್ಮಗಳು ಅಳಲಿಲ್ಲ, “ನೀರು ಇಷ್ಟು ಸ್ವಚ್ಛ ಇತ್ತಲ್ಲ ಅಜ್ಜಾ, ಮತ್ತೆ ಯಾಕ ಸತ್ತವು?” ಎಂದು ಕೇಳಿದಳು. ಆ ಹಿರಿಯರಲ್ಲಿ ಉತ್ತರವಿರಲಿಲ್ಲ.

ಉತ್ತರವನ್ನು ಕೊಟ್ಟವರು ನೆರೆಮನೆಯ ಜೀವಶಾಸ್ತ್ರದ ಅಧ್ಯಾಪಕರು. ಮೀನು ಉಸಿರಾಡಿದರೂ ಮಲ ವಿಸರ್ಜಿಸಿದರೂ ಅಮೋನಿಯಾ ಹುಟ್ಟುತ್ತದೆ; ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಂದಿಸುತ್ತದೆ. ಮತ್ತೊಂದು ಬಗೆ ಅದನ್ನು ಬಹುಮಟ್ಟಿಗೆ ನಿರಪಾಯಕಾರಿಯಾದ ನೈಟ್ರೇಟ್ ಆಗಿಸುತ್ತದೆ. ಈ ಸೂಕ್ಷ್ಮಜೀವಿಗಳನ್ನು ರಷ್ಯದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದರು. ಸಿಹಿನೀರಿನ ತೊಟ್ಟಿಗಳಲ್ಲಿ ಎರಡನೆಯ ಕಾರ್ಯವನ್ನು ಮುಖ್ಯವಾಗಿ ನೈಟ್ರೋಸ್ಪೈರಾ ಎಂಬ ಕುಲ ನಡೆಸುತ್ತದೆಂಬುದು 1998ರಲ್ಲಿ ತಿಳಿದುಬಂತು. ಇವು ನೀರಿನಲ್ಲಿ ತೇಲುವುದು ಅತ್ಯಲ್ಪ. ಕಲ್ಲಿನ ಮೈಗೂ ಸ್ಪಂಜಿನ ರಂಧ್ರಗಳಿಗೂ ಅಂಟಿಕೊಂಡು ಬಾಳುತ್ತವೆ. ಇವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು.

ಕಲ್ಲು, ಸ್ಪಂಜು ಎರಡನ್ನೂ ಒಂದೇ ದಿನ ಬರಿದು ಮಾಡಿದ್ದೇ ಪ್ರಮಾದ. ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ, ಐದು ವರ್ಷದ ಶಿಲ್ಕನ್ನು ಸೊನ್ನೆಗಿಳಿಸಿ ಖರ್ಚನ್ನು ಮಾತ್ರ ಎಂದಿನಂತೆ ನಡೆಸಿದಂತಾಯಿತು. ನಲ್ಲಿಯ ನೀರಿನ ಕ್ಲೋರಿನ್ ಉಳಿದುದನ್ನೂ ಕೊಂದಿತು. ಅಮೃತಶಿಲೆಯ ಸುಣ್ಣದಂಶ ಕರಗಿದರೆ ನೀರಿನ ಕ್ಷಾರಗುಣ ಏರುತ್ತದೆ. ಕ್ಷಾರ ಏರಿದಷ್ಟೂ ಅಮೋನಿಯಾ ತೀಕ್ಷ್ಣವಾಗುತ್ತದೆ. ವಿನಿಗರ್ ಬಿಟ್ಟಾಗ ನೊರೆಯೇಳುವ ಕಲ್ಲು ಇಂಥ ತೊಟ್ಟಿಗೆ ಸಲ್ಲದೆಂಬ ಸುಲಭ ಪರೀಕ್ಷೆಯೂ ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಅಧ್ಯಾಪಕರು ತಮ್ಮ ತೊಟ್ಟಿಯ ಹಳೆಯ ಸ್ಪಂಜಿನ ಅರ್ಧಭಾಗವನ್ನು ಕೊಟ್ಟರು. ಕೆಲವು ದಿನ ಆಹಾರ ನಿಲ್ಲಿಸಿ, ಕ್ಲೋರಿನ್ ತೆಗೆದ ನೀರನ್ನು ದಿನವೂ ಸ್ವಲ್ಪ ಸ್ವಲ್ಪ ಬದಲಿಸಲಾಯಿತು. ಉಳಿದೆರಡು ಮೀನುಗಳು ಬದುಕಿದವು. ಎರಡು ತಿಂಗಳ ಅನಂತರ ಬಿಳಿಗಲ್ಲನ್ನು ತೆಗೆಯುವ ಕೆಲಸ ಮೊದಲಾಯಿತು. ಈ ಸಲ ಮೂರು ಕಂತುಗಳಲ್ಲಿ. ಎರಡೆರಡು ವಾರಕ್ಕೊಮ್ಮೆ ಮೂರನೆಯ ಒಂದು ಪಾಲನ್ನು ಮಾತ್ರ ತೆಗೆದು, ಚೆನ್ನಾಗಿ ತೊಳೆದ ನುಣುಪಾದ ಉರುಟುಗಲ್ಲನ್ನು ಹಾಸಿದರು. ಗೋಲ್ಡ್‌ಫಿಷ್ ಕಲ್ಲನ್ನು ಬಾಯಲ್ಲಿ ಹಾಕಿಕೊಂಡು ಉಗುಳುವ ಸ್ವಭಾವದ್ದಾದ್ದರಿಂದ ಗಂಟಲಲ್ಲಿ ಸಿಕ್ಕದಷ್ಟು ದೊಡ್ಡ ಕಲ್ಲನ್ನೇ ಆರಿಸಿದರು. ಆ ಅವಧಿಯಲ್ಲಿ ಫಿಲ್ಟರನ್ನು ಮುಟ್ಟಲಿಲ್ಲ. ತೆಗೆದ ಕಲ್ಲಿನಲ್ಲಿ ಒಂದೆರಡು ಹಿಡಿಯನ್ನು ಜಾಲಿ ಚೀಲದಲ್ಲಿ ಕಟ್ಟಿ, ಹೊಸ ಕಲ್ಲಿಗೆ ಜೀವ ಹಿಡಿಯುವವರೆಗೆ ತೊಟ್ಟಿಯಲ್ಲಿಯೇ ಇಳಿಬಿಟ್ಟರು.

ಆ ಚೀಲವನ್ನು ಕಂಡಾಗ ಮನೆಯ ಅಜ್ಜಿಗೆ ನೆನಪಾದುದು ಬಾವಿಕಟ್ಟೆ. ನೀರು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮೆಲ್ಲನೆ ಮರಳಿಸುವುದನ್ನು ಅವರು ತಾಯಿಯಿಂದ ಕಲಿತಿದ್ದರು. ಮುನಿಗಳಿಗೆ ವಿಧಿಸಿದ ಆದಾನನಿಕ್ಷೇಪಣ ಸಮಿತಿಯೂ ಇದನ್ನೇ ಬೋಧಿಸುತ್ತದೆ: ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ಜೀವಿಗಳಿವೆಯೆಂಬ ಎಚ್ಚರವಿರಬೇಕು. ಒಂದು ಹಿಡಿ ಕಲ್ಲನ್ನು ಎತ್ತಿಡುವಾಗ ಶ್ರಾವಕನಿಗೂ ಅದು ಬೇಡವೇ?

ಆದರೆ ಪ್ರಶ್ನೆ ಇಲ್ಲಿಗೇ ಮುಗಿಯುವುದಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧವೂ ಒಂದು. ನಮ್ಮ ಕಣ್ಣಿನ ಸುಖಕ್ಕಾಗಿ ಪಂಚೇಂದ್ರಿಯ ಜೀವವನ್ನು ಗಾಜಿನೊಳಗೆ ಇರಿಸುವುದು ಬಂಧವಲ್ಲದೆ ಮತ್ತೇನು? ಹಾಗೆಂದು ಕೆರೆಗೆ ಬಿಡುವುದೂ ದಯೆಯಲ್ಲ. ಗೋಲ್ಡ್‌ಫಿಷ್ ಚೀನದ ಮೂಲದ ಸಾಕುಮೀನು. ಕೆರೆಯಲ್ಲಿ ಅದು ಬೇರೆ ಮೀನಿಗೆ ಆಹಾರವಾಗಬಹುದು, ಇಲ್ಲವೇ ತಾನೇ ಹೆಚ್ಚಿ ಅಲ್ಲಿನ ಜೀವಗಳಿಗೆ ಹಾನಿ ತರಬಹುದು. ಒಮ್ಮೆ ಕೈಗೆ ಬಂದ ಹೊಣೆಯನ್ನು ಬೇರೊಂದು ನೀರಿಗೆ ಎಸೆದು ಕಳೆದುಕೊಳ್ಳಲಾಗದು.

ಆ ಮನೆಯವರು ನಿಶ್ಚಯಿಸಿದ್ದು ಇಷ್ಟು: ಸತ್ತವುಗಳ ಸ್ಥಾನಕ್ಕೆ ಹೊಸ ಮೀನು ತರಕೂಡದು; ಉಳಿದೆರಡನ್ನು ಅವುಗಳ ಆಯುಷ್ಯ ತೀರುವವರೆಗೆ ಜೋಪಾನ ಮಾಡಬೇಕು. ಒಳ್ಳೆಯ ಆರೈಕೆಯಲ್ಲಿ ಗೋಲ್ಡ್‌ಫಿಷ್ ಹತ್ತು ವರ್ಷಕ್ಕೂ ಮೀರಿ ಬಾಳುತ್ತದೆ. ಆದ್ದರಿಂದ ಇದು ಸಣ್ಣ ವ್ರತವೇನಲ್ಲ. ಮೊಮ್ಮಗಳು ಪ್ರತಿ ಭಾನುವಾರ ನೀರಿನಲ್ಲಿನ ಅಮೋನಿಯಾ, ನೈಟ್ರೈಟ್‌ಗಳನ್ನು ಪರೀಕ್ಷಿಸಿ ಅಜ್ಜನ ಹಳೆಯ ಖಾತೆಪುಸ್ತಕವೊಂದರಲ್ಲಿ ಬರೆದಿಡುತ್ತಾಳೆ. ಎರಡೂ ಕಲಮಿನಲ್ಲಿ ಸೊನ್ನೆ ಇದ್ದ ದಿನವೇ ಲೆಕ್ಕ ಸರಿಯೆಂದು ಅಜ್ಜ ಕೆಳಗೆ ರುಜು ಹಾಕುತ್ತಾರೆ. ತಳದ ಕಲ್ಲು ಈಗ ಮತ್ತೆ ಕಂದುಬಣ್ಣಕ್ಕೆ ತಿರುಗಿದೆ. ಅದನ್ನು ಉಜ್ಜಬೇಕೆಂದು ಯಾರಿಗೂ ಅನಿಸಿಲ್ಲ.